ಕಿಲ್ಲಾದ ಮಣ್ಣು, ಕಿತ್ತೂರಿನ ಕಿಂಡಿ

ಅಕ್ಟೋಬರ್ ಕೊನೆಯ ವಾರ ಬೆಳಗಾವಿಯಲ್ಲಿ ಹಳೇ ಗೋಣಿಚೀಲ ಸಿಗುವುದಿಲ್ಲ. ಕಿರಾಣಿ ಅಂಗಡಿಯಲ್ಲಿ ಕೇಳಿ ನೋಡಿ, 'ನಿನ್ನೇನ ಹುಡುಗರು ಒಯ್ದರ್ರೀ' ಅನ್ನುತ್ತಾರೆ. ಒಡೆದ ಇಟ್ಟಂಗಿಯೂ ಅಷ್ಟೇ. ಎಲ್ಲಾದರೂ ಮನೆ ಕಟ್ಟುತ್ತಿದ್ದರೆ ಅದರ ಮುಂದೆ ಬಿದ್ದ ಮರಳಿಗೆ ರಾತ್ರಿ ಕಾವಲು ಬೇಕು. ಊರಿಗೆ ಹೊಸಬರಾದವರಿಗೆ ಇದು ಕಳ್ಳತನದ ಹಾಗೆ ಕಾಣಬಹುದು. ಕಳ್ಳತನವೇ ಬಿಡಿ. ಆದರೆ ದೀಪಾವಳಿ ಹತ್ತಿರ ಬಂದಾಗ ಯಾರೂ ಜಾಸ್ತಿ ಬಯ್ಯುವುದಿಲ್ಲ. ಬಯ್ಯಬೇಕಾದ ಹಿರಿಯರೂ ಸಣ್ಣವರಿದ್ದಾಗ ಅದನ್ನೇ ಮಾಡಿದವರು.

ಗಲ್ಲಿ ಗಲ್ಲಿಯಲ್ಲಿ ಹುಡುಗರು ಕಿಲ್ಲಾ, ಅಂದರೆ ಮಣ್ಣಿನ ಪುಟ್ಟ ಕೋಟೆ, ಕಟ್ಟುತ್ತಿರುತ್ತಾರೆ. ಇಟ್ಟಂಗಿ, ಕಲ್ಲು ಒಟ್ಟಿ ಬೆಟ್ಟದ ಆಕಾರ ಮಾಡಬೇಕು. ಅದರ ಮೇಲೆ ಗೋಣಿಚೀಲ ಹೊದಿಸಬೇಕು. ಕೆಂಪು ಮಣ್ಣನ್ನು ಅಂಬಲಿಯ ಹಾಗೆ ಕಲಸಿ ಬಳಿಯಬೇಕು. ಬುರುಜು, ದರವಾಜ, ಮೆಟ್ಟಿಲು, ಕೆಳಗೊಂದು ಬಾವಿ. ಇಳಿಜಾರಿನಲ್ಲಿ ಸಾಸಿವೆ ಉದುರಿಸಿ ದಿನಾ ನೀರು ಚಿಮುಕಿಸಿದರೆ ನಾಲ್ಕೈದು ದಿನದಲ್ಲಿ ಹಸಿರು ಬರುತ್ತದೆ. ಎಲ್ಲಕ್ಕಿಂತ ಮೇಲೆ ಸಿಂಹಾಸನದಲ್ಲಿ ಶಿವಾಜಿ ಮಹಾರಾಜರು. ಮೆಟ್ಟಿಲುಗಳ ಮೇಲೆ ಈಟಿ ಹಿಡಿದ ಮಾವಳೆಯರು, ಅಂದರೆ ಅವರ ಸೈನಿಕರು. ಕೊಲ್ಹಾಪುರ, ಪುಣೆ ಕಡೆಯ ಈ ರೂಢಿ ಬೆಳಗಾವಿಯಲ್ಲೂ ಬೇರುಬಿಟ್ಟಿದೆ. ದೊಡ್ಡ ಹುಡುಗರಂತೂ ಸುಮ್ನೆ ಮಣ್ಣು ಗುಡ್ಡೆ ಹಾಕಿ ಬಿಡುವುದಿಲ್ಲ. ರಾಯಗಡ, ಪ್ರತಾಪಗಡಕ್ಕೆ ಹೋಗಿ ಫೋಟೋ ತೆಗೆದುಕೊಂಡು ಬರುತ್ತಾರೆ. ಬುರುಜಿನ ಲೆಕ್ಕ ತಪ್ಪಿದರೆ ಜಗಳವೇ ಆಗುತ್ತದೆ.

ನಮ್ಮ ಮನೆ ಶಹಾಪುರದ ಕಡೆ. ಒಂದು ಕಾಲಕ್ಕೆ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದ ಪೇಟೆ ಇದು. ಪಕ್ಕದ ಖಾಸಬಾಗ, ವಡಗಾವಿ ತನಕ ಮಗ್ಗದ ಸಪ್ಪಳ. ಮಾತು ಕನ್ನಡದಲ್ಲಿ ಶುರುವಾಗಿ ಮರಾಠಿಯಲ್ಲಿ ಮುಗಿದರೂ ಇಲ್ಲಿ ಯಾರಿಗೂ ಅದು ತಿಳಿಯುವುದಿಲ್ಲ. 'ಲಗೂನ ಬಾ' ಅಂತ ನಾವು ಕರೆಯುವಾಗ ಆ 'ಲಗೂ' ಯಾರದು ಅಂತ ಯೋಚಿಸುತ್ತೇವಾ? ಅವರ ಮನೆಯ 'ಅಕ್ಕಾ' ನಮ್ಮ ಮನೆಯಿಂದ ಹೋದವಳು ಅನ್ನುವುದನ್ನು ಅವರೂ ಯೋಚಿಸುವುದಿಲ್ಲ.

2024ರ ದೀಪಾವಳಿಯ ಮಾತು ಇದು. ಆ ವರ್ಷ ಹಬ್ಬಗಳೆಲ್ಲ ಮಾತಾಡಿಕೊಂಡು ಒಟ್ಟಿಗೆ ಬಂದ ಹಾಗಿತ್ತು. ಗುರುವಾರ 31ಕ್ಕೆ ನರಕ ಚತುರ್ದಶಿ. ಶುಕ್ರವಾರ ನವೆಂಬರ್ 1, ರಾಜ್ಯೋತ್ಸವ. ಶನಿವಾರ ಪಾಡ್ಯ. ಭಾನುವಾರ ಹೇಗೂ ರಜೆ. ಲಕ್ಷ್ಮೀ ಪೂಜೆ ಗುರುವಾರವೋ ಶುಕ್ರವಾರವೋ ಅಂತ ಪಂಚಾಂಗದವರಲ್ಲೇ ಒಮ್ಮತ ಇರಲಿಲ್ಲ. ಅವ್ವ ಎರಡೂ ದಿನ ದೀಪ ಹಚ್ಚಿ ಆ ಚರ್ಚೆ ಮುಗಿಸಿದಳು. ಇದೆಲ್ಲಕ್ಕೂ ಹಿಂದಿನ ವಾರ, ಅಕ್ಟೋಬರ್ 23ರಿಂದ 25ರವರೆಗೆ, ಕಿತ್ತೂರು ಉತ್ಸವ. ರಾಣಿ ಚೆನ್ನಮ್ಮ ಕಂಪನಿ ಸೈನ್ಯವನ್ನು ಸೋಲಿಸಿದ್ದು 1824ರ ಅಕ್ಟೋಬರ್ 23ರಂದು. ಅದಕ್ಕೆ ಸರಿಯಾಗಿ 200 ವರ್ಷ ತುಂಬಿತ್ತು.

ಅಣ್ಣನ ಮಗಳಿಗೆ ಆಗ ಹನ್ನೊಂದು. ಅವಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ಕಿತ್ತೂರಿಗೆ ಹೋಗಿದ್ದೆ. ಧಾರವಾಡದ ದಾರಿಯಲ್ಲಿ ಸುಮಾರು 50 ಕಿಲೋಮೀಟರ್. ಸಂಜೆಯ ಕಾರ್ಯಕ್ರಮ ಶುರುವಾಗುವ ಮೊದಲೇ ಕೋಟೆಯ ಒಳಗೆ ಒಂದು ಸುತ್ತು ಹಾಕಿದೆವು. ಅರಮನೆಯ ಗೋಡೆಗಳು ಅರ್ಧ ನಿಂತಿವೆ, ಅರ್ಧ ಬಿದ್ದಿವೆ. ಅಲ್ಲಿ ಗೋಡೆಯಲ್ಲಿ ಒಂದು ಕಿಂಡಿ ಇದೆ. ರಾಣಿ ಅದರಲ್ಲಿ ಧ್ರುವ ನಕ್ಷತ್ರ ನೋಡುತ್ತಿದ್ದಳು ಅಂತ ಬಂದವರಿಗೆಲ್ಲ ತೋರಿಸುತ್ತಾರೆ. ಹುಡುಗಿ ಒಂದು ಕಣ್ಣು ಮುಚ್ಚಿ ಅದರಲ್ಲಿ ಇಣುಕಿದಳು. ಹಗಲು ಅಲ್ವಾ, ಬರೀ ಬೆಳಕು ಕಂಡಿತು. 'ರಾತ್ರಿ ತನಕ ಇರೂಣು ಕಾಕಾ' ಅಂದಳು. ಇರುವ ಹಾಗಿರಲಿಲ್ಲ.

ಸಂಜೆ ವೇದಿಕೆಯ ಮುಂದೆ ಜನವೋ ಜನ. ನಾವು ಎಷ್ಟು ಹಿಂದೆ ನಿಂತಿದ್ದೆವು ಅಂದರೆ ಹಾಡುವವರ ಮುಖ ಪರದೆಯ ಮೇಲೆ ಮಾತ್ರ ಕಾಣುತ್ತಿತ್ತು. ಕಿತ್ತೂರಿನದೊಂದೇ ಮಾತಲ್ಲ ಇದು. ವೇದಿಕೆ ಹಾಕಿದ ಉತ್ಸವಗಳೆಲ್ಲ ನನಗೆ ಹೀಗೇ. ಎಷ್ಟೋ ವರ್ಷ ಇಂಥವಕ್ಕೆ ತಪ್ಪದೆ ಹೋಗಿದ್ದೇನೆ. ಹಾರ, ಶಾಲು, ನೆನಪಿನ ಕಾಣಿಕೆ, ಆಮೇಲೆ 'ಎರಡೇ ಮಾತು ಹೇಳಿ ಮುಗಿಸುತ್ತೇನೆ' ಅನ್ನುವ ನಲವತ್ತು ನಿಮಿಷ. ಮನೆಗೆ ಬಂದು ಯಾರಾದರೂ 'ಏನಿತ್ತು?' ಅಂತ ಕೇಳಿದರೆ ಗಿರ್ಮಿಟ್ಟು ಚೆನ್ನಾಗಿತ್ತು ಅನ್ನುವುದಷ್ಟೇ ನೆನಪಾಗುತ್ತದೆ. ಹಾಡು ಚೆನ್ನಾಗಿರುವುದಿಲ್ಲ ಅಂತಲ್ಲ. ಅಲ್ಲಿ ನಾನು ಮಾಡುವುದಕ್ಕೆ ಏನೂ ಇರುವುದಿಲ್ಲ.

ವಾಪಸ್ ಬರುವಾಗ ಹೆಲ್ಮೆಟ್ಟಿನ ಹಿಂದಿನಿಂದ ಹುಡುಗಿ ಕೂಗಿದಳು: 'ಕಾಕಾ, ಈ ಸಲ ನಾವು ಕಿತ್ತೂರ ಕೋಟಿ ಕಟ್ಟೂಣು.'

ನಮ್ಮ ಮನೆಯಲ್ಲಿ ಕಿಲ್ಲಾ ಕಟ್ಟುವುದು ಹೊಸದೇನಲ್ಲ. ನಾನು, ಅಣ್ಣ ಸಣ್ಣವರಿದ್ದಾಗ ಪ್ರತಿ ವರ್ಷ ಕಟ್ಟುತ್ತಿದ್ದೆವು. ಮೇಲೆ ಶಿವಾಜಿಯನ್ನೇ ಕೂರಿಸುತ್ತಿದ್ದೆವು. ಯಾಕೆ ಅಂತ ಯಾರೂ ಕೇಳಲಿಲ್ಲ. ಕಿಲ್ಲಾ ಅಂದರೆ ಹಾಗೆ, ಅಷ್ಟೇ. ಕಾಕತಿ ನಮ್ಮ ಊರಿನ ಅಂಚಿನಲ್ಲೇ ಇದೆ. ಚೆನ್ನಮ್ಮ ಹುಟ್ಟಿದ ಊರು. ಸೈಕಲ್ ಮೇಲೆ ಹೋಗಿ ಬರಬಹುದು. ಹೀಗಿದ್ದೂ ಅವಳ ಕೋಟೆ ಕಟ್ಟಬಹುದು ಅನ್ನುವುದು ನಮಗೆ ಹೊಳೆಯಲೇ ಇಲ್ಲ.

ಪೇಟೆಗೆ ಹೋದ ಮೇಲೆ ಕಾರಣದ ಒಂದು ತುದಿ ಸಿಕ್ಕಿತು. ರಸ್ತೆ ಬದಿಯಲ್ಲಿ ಗೊಂಬೆಗಳ ರಾಶಿ. ಕುಳಿತ ಶಿವಾಜಿ, ಕುದುರೆ ಏರಿದ ಶಿವಾಜಿ, ಜೀಜಾಬಾಯಿ, ಮಾವಳೆಯರು, ಫಿರಂಗಿ, ಬೀಸುಕಲ್ಲು ಬೀಸುವ ಹೆಂಗಸು, ಹುಲಿ ಕೂಡ. ಚೆನ್ನಮ್ಮ ಇಲ್ಲ. 'ಯಾರೂ ಕೇಳಂಗಿಲ್ರೀ' ಅಂದಳು ಮಾರುವಾಕೆ. ಊರ ನಡುವಿನ ವೃತ್ತದಲ್ಲಿ ಕುದುರೆ ಏರಿ ಖಡ್ಗ ಎತ್ತಿ ನಿಂತವಳು ಅಂಗೈ ಅಗಲದ ಗೊಂಬೆಯಾಗಿ ಎಲ್ಲೂ ಸಿಗಲಿಲ್ಲ. ನಾನು ಸಪ್ಪಗಾದೆ. ಹುಡುಗಿ ಆಗಲಿಲ್ಲ. ಹನ್ನೆರಡು ಮಾವಳೆಯರನ್ನು ಕೊಂಡಳು. 'ಪಟಕಾದ ಬಣ್ಣ ಬದಲಿ ಮಾಡಿದ್ರ ಕಿತ್ತೂರ ಸೈನಿಕರ ಆಗತಾರ.' ಇನ್ನು ಕಂಪನಿಯವರು? ಆಟದ ಸಾಮಾನಿನ ಅಂಗಡಿಯಲ್ಲಿ ಬಂದೂಕು ಹಿಡಿದ ಹಸಿರು ಪ್ಲಾಸ್ಟಿಕ್ ಸೈನಿಕರ ಪೊಟ್ಟಣ ಇತ್ತು. ಅವರಿಗೆ ಕೆಂಪು ಕೋಟು ಬಳಿದರೆ ಮುಗೀತು. ಅದರಲ್ಲಿ ದುರ್ಬೀನು ಹಿಡಿದವನೊಬ್ಬ ಇದ್ದ. ಅವನನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಅಂತ ನೇಮಿಸಿದಳು. ಆ ದಿನ ಥ್ಯಾಕರೆಗೆ ಗುಂಡು ಹೊಡೆದ ಅಮಟೂರು ಬಾಳಪ್ಪನಿಗೂ ಬುರುಜಿನ ಮೇಲೆ ಒಂದು ಜಾಗ ಗೊತ್ತಾಯಿತು.

ಚೆನ್ನಮ್ಮನನ್ನು ನಾವೇ ಮಾಡಬೇಕಾಯಿತು. ಅದಕ್ಕೆ ಮಣ್ಣು ಕೊಟ್ಟವರು ಪಕ್ಕದ ಮನೆಯ ಅಜ್ಜ, ಎಲ್ಲರ ಬಾಯಲ್ಲಿ ಆಜೋಬಾ. ಅವರ ಮನೆಮಾತು ಮರಾಠಿ. ನಮ್ಮ ಜೊತೆ ಕನ್ನಡ. ಖಾನಾಪುರದ ಕಡೆಯ ನೆಂಟರಿಂದ ಅವರು ಒಂದು ಮುದ್ದೆ ಮಣ್ಣು ತರಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದರು. ಖಾನಾಪುರದ ಜೇಡಿಮಣ್ಣಿನ ಹೆಸರು ನಿಮಗೂ ಗೊತ್ತಿರಬಹುದು, ಗಡಿಗೆ, ಹೂಜಿಗೆ ಅದೇ ಬೇಕು. ಅವರ ಮೊಮ್ಮಕ್ಕಳಿಬ್ಬರು ಆಚೆ ಕಟ್ಟೆಯ ಮೇಲೆ ಶಿವಾಜಿಯ ಸಮುದ್ರಕೋಟೆ ಸಿಂಧುದುರ್ಗ ಕಟ್ಟುತ್ತಿದ್ದರು. ಸಮುದ್ರಕ್ಕೆ ನೀಲಿ ಪ್ಲಾಸ್ಟಿಕ್ ಹಾಳೆ. ಹುಡುಗರಿಗೆ ನಮ್ಮ ಹುಡುಗಿಯ ಕೋಟೆಯ ಬಗ್ಗೆ ಒಂದೇ ತಕರಾರು: 'ಇದಕ್ಕ ಡೋಂಗರ ಎಲ್ಲಿ?' ಬೆಟ್ಟ ಇಲ್ಲದ ಕಿಲ್ಲಾ ಎಂಥ ಕಿಲ್ಲಾ ಅಂತ. ಕಿತ್ತೂರಿನದು ನೆಲದ ಮೇಲಿನ ಕೋಟೆ, ಸುತ್ತ ಕಂದಕ. ಇವಳು ಕಂದಕ ತೋಡಿ ನೀರು ತುಂಬಿಸಿದಳು. ನೀರು ಇಂಗಿಹೋಯಿತು. ಮತ್ತೆ ತುಂಬಿಸಿದಳು.

ಕುದುರೆಯ ಕಾಲು ನಿಲ್ಲಲಿಲ್ಲ. ಮೂರು ಸಲ ಕುದುರೆ ಮಲಗಿತು. ಕೊನೆಗೆ ಹೊಟ್ಟೆಯ ಕೆಳಗೊಂದು ಬಂಡೆ ಇಟ್ಟು ಅದು ಬಂಡೆ ಹಾರುತ್ತಿದೆ ಅಂತ ತೀರ್ಮಾನಿಸಿದೆವು. ರಾಣಿಯ ಮುಖ ನಮ್ಮ ಅವ್ವನ ಹಾಗೆ ಬಂತು. ಸಿಟ್ಟಿದ್ದಾಗಿನ ಮುಖ, ಹಾಗಾಗಿ ಸರಿಯೇ ಆಯಿತು.

ಕುದುರೆ ಒಣಗಲು ಇಟ್ಟ ಸಂಜೆ ಸ್ವಾತಿ ಮಳೆ ಬಂತು. ಹಿಂಗಾರಿನ ಮಳೆಗೆ ಗುಡುಗು ಮೊದಲು, ಹನಿ ಆಮೇಲೆ. ನಾವು ಓಡಿಬರುವಷ್ಟರಲ್ಲಿ ಪೂರ್ವದ ಗೋಡೆ ಕುಸಿದು ಕಂದಕಕ್ಕೆ ಬಿದ್ದಿತ್ತು. ಹುಡುಗಿ ಅಳುವುದಕ್ಕೆ ಬಾಯಿ ತೆಗೆದಳು. ಅಷ್ಟರಲ್ಲಿ ಸಿಂಧುದುರ್ಗದ ಹುಡುಗರು ತಾಡಪತ್ರಿ ಹಿಡಿದುಕೊಂಡು ಬಂದರು. ಅವರ ಸಮುದ್ರ ಹೇಗೂ ನೀರಿನಲ್ಲೇ ಇತ್ತು. ನಾಲ್ಕು ಮೂಲೆಗೆ ನಾಲ್ವರು ನಿಂತು ತಾಡಪತ್ರಿ ಎತ್ತಿ ಹಿಡಿದೆವು. ಅರ್ಧ ಗಂಟೆ. ತೋಳು ನೋವು. ಮಾತಿಗೆ ಅಂತ ಹುಡುಗರಲ್ಲಿ ಸಣ್ಣವನು ಕೇಳಿದ: 'ಶಿವಾಜಿ ಮಹಾರಾಜ ಮತ್ತ ಚೆನ್ನಮ್ಮ ಲಢಾಯಿ ಮಾಡಿದ್ರ ಯಾರು ಗೆಲ್ಲತಿದ್ರು?'

ಇಂಥ ಪ್ರಶ್ನೆಗೆ ದೊಡ್ಡವರು ಮಾತು ತಿರುಗಿಸುತ್ತಾರೆ. ಬೆಳಗಾವಿಯಲ್ಲಂತೂ ಬೇಗ ತಿರುಗಿಸುತ್ತಾರೆ. ಶಿವಾಜಿ ತೀರಿಕೊಂಡದ್ದು 1680ರಲ್ಲಿ, ಚೆನ್ನಮ್ಮ ಹುಟ್ಟಿದ್ದು ಅದಾಗಿ ಸುಮಾರು ನೂರು ವರ್ಷಕ್ಕೆ ಅಂತ ನಾನೂ ತಪ್ಪಿಸಿಕೊಳ್ಳಬಹುದಿತ್ತು. ಆದರೆ ಬೆಳವಡಿಯ ರಾಣಿ ಮಲ್ಲಮ್ಮ ನೆನಪಾದಳು. ಬೆಳವಡಿ ಬೈಲಹೊಂಗಲದ ಕಡೆಯ ಊರು. ದಕ್ಷಿಣದ ದಂಡಯಾತ್ರೆ ಮುಗಿಸಿ ಬರುವಾಗ ಶಿವಾಜಿಯ ಸೈನ್ಯ ಅಲ್ಲಿ ಬೀಡು ಬಿಟ್ಟಿತ್ತು. ಜಗಳ ಹತ್ತಿದ್ದು ಹಾಲಿಗೆ, ದನಗಳಿಗೆ ಅಂತ ನಮ್ಮ ಕಡೆ ಕಥೆ ಹೇಳುತ್ತಾರೆ. ಗಂಡ ಈಶಪ್ರಭು ಬಿದ್ದ ಮೇಲೂ ಮಲ್ಲಮ್ಮ ಕಾದಿದಳು. ಅವಳ ಪಡೆಯಲ್ಲಿ ಹೆಂಗಸರೂ ಇದ್ದರು. ಕೊನೆಗೆ ಶಿವಾಜಿ ಅವಳನ್ನು ಗೌರವದಿಂದ ಕಂಡು ಸೀಮೆ ತಿರುಗಿ ಕೊಟ್ಟ ಅಂತ ಕಥೆ. ಧಾರವಾಡದ ಹತ್ತಿರ ಯಾದವಾಡದಲ್ಲಿ ಒಂದು ಕೆತ್ತನೆಯ ಕಲ್ಲಿದೆ. ಅದರಲ್ಲಿ ಶಿವಾಜಿಯ ತೊಡೆಯ ಮೇಲೆ ಒಂದು ಕೂಸು. ಮಲ್ಲಮ್ಮನ ಕೂಸು ಅದು, ಕಲ್ಲು ನಿಲ್ಲಿಸಿದವಳೂ ಅವಳೇ ಅನ್ನುತ್ತಾರೆ.

'ಹಾಲಿಗೆ ಲಢಾಯಿ?' ಅಂದ ಸಣ್ಣವ. ಅವನಿಗೆ ನಂಬಿಕೆ ಬರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಆಜೋಬಾ 'ನಾ ಆ ಕಲ್ಲ ನೋಡೇನಿ' ಅಂದರು. ಮತ್ತೇನೂ ಹೇಳಲಿಲ್ಲ. ಮಳೆ ನಿಂತಿತು.

ಗುರುವಾರ ರಾತ್ರಿ ಹನ್ನೆರಡಕ್ಕೆ ಚೆನ್ನಮ್ಮ ವೃತ್ತದಲ್ಲಿ ಏನಾಗುತ್ತದೆ ಅನ್ನುವುದನ್ನು ಬೆಂಗಳೂರಿನವರಿಗೆ ಹೇಳಿದರೆ ನಂಬುವುದಿಲ್ಲ. ಅಲ್ಲಿ ರಾಜ್ಯೋತ್ಸವ ತಿಂಗಳಿಡೀ ನಡೆಯುತ್ತದೆ, ನಿಧಾನಕ್ಕೆ. ಇಲ್ಲಿ ಒಂದೇ ರಾತ್ರಿ, ಒಂದೇ ಹಗಲು. ಡಾಲ್ಬಿಯ ಸದ್ದಿಗೆ ಎದೆಯ ಎಲುಬು ಅಲುಗಾಡುತ್ತದೆ. ಹಳದಿ ಕೆಂಪು ಬಾವುಟ ಹೊದ್ದ ಹುಡುಗರು ಕುಣಿಯುತ್ತಾರೆ. ಹಗಲಿಗೆ ರೂಪಕಗಳ ಮೆರವಣಿಗೆ, ಸುತ್ತಲಿನ ಹಳ್ಳಿಗಳಿಂದ ಬಂದ ಜನಸಾಗರ, ಮಠವೊಂದರ ಹೋಳಿಗೆ ಊಟ. 2014ರ ನವೆಂಬರ್ 1ರಂದು ಬೆಳಗಾಂ ಅಧಿಕೃತವಾಗಿ ಬೆಳಗಾವಿ ಆದದ್ದಕ್ಕೆ ಆ ದಿನಕ್ಕೆ ಸರಿಯಾಗಿ ಹತ್ತು ವರ್ಷ. ಅದೇ ದಿನ, ಬೆಳಗಾವಿ ಮಹಾರಾಷ್ಟ್ರಕ್ಕೆ ಸೇರಬೇಕು ಅನ್ನುವ ಕೆಲವರು ಕರಾಳ ದಿನ ಅಂತ ಕಪ್ಪು ಬಾವುಟ ಹಿಡಿದು ಮತ್ತೊಂದು ದಾರಿಯಲ್ಲಿ ಹೋಗುತ್ತಾರೆ. ಅದೂ ದಶಕಗಳಿಂದ ನಡೆದಿದೆ. ನಡುವೆ ಪೊಲೀಸರು. ಸಂಜೆಗೆ ಈ ಮೆರವಣಿಗೆಯವರೂ ಆ ಮೆರವಣಿಗೆಯವರೂ ಗಣಪತ ಗಲ್ಲಿಯಲ್ಲಿ ಚೆಂಡುಹೂವಿಗೆ ಚೌಕಾಸಿ ಮಾಡುತ್ತಿರುತ್ತಾರೆ. ಹೂವಿನ ರೇಟು ಮಾತ್ರ ಯಾರಿಗೂ ಇಳಿಯುವುದಿಲ್ಲ.

ಇದನ್ನು ಭಾವೈಕ್ಯ ಅಂತ ಕರೆಯುವುದಕ್ಕೆ ನನಗೆ ಮನಸ್ಸಿಲ್ಲ. ಆ ಶಬ್ದವನ್ನು ಭಾಷಣಗಳಲ್ಲಿ ತಿಕ್ಕಿ ತಿಕ್ಕಿ ಸವೆಸಿಬಿಟ್ಟಿದ್ದಾರೆ. ಹೂವಿಲ್ಲದೆ ಲಕ್ಷ್ಮೀ ಪೂಜೆ ಆಗುವುದಿಲ್ಲ, ಅಷ್ಟೇ. ಅಂಗಡಿ ಪೂಜೆಗೆ ಕರೆದವರ ಮನೆಗೆಲ್ಲ ಹೋಗಿ ಚುರಮರಿ, ಬತ್ತಾಸು ತಿಂದು ಬಂದೆವು.

ಪಾಡ್ಯದ ಬೆಳಿಗ್ಗೆ ಅವ್ವ ಸಗಣಿಯ ಪಾಂಡವರನ್ನು ಮಾಡುತ್ತಾಳೆ. ಹೊಸ್ತಿಲ ಹತ್ತಿರ ಸಾಲಾಗಿ ಕೂರಿಸಿ, ತಲೆಗೆ ಉತ್ತರಾಣಿ ಕಡ್ಡಿ, ಚೆಂಡುಹೂ ಸಿಗಿಸಿ, ಮೊಸರನ್ನ ಎಡೆ ಇಡುತ್ತಾಳೆ. ಊರಲ್ಲಿ ಸಗಣಿಗೂ ಈಗ ಹುಡುಕಾಟ. ಗವಳಿಗರ ಮನೆಗೆ ಮುಂಚಿನ ದಿನವೇ ಹೇಳಿ ಇಡಬೇಕು. ಈ ಸಲ ಬುಟ್ಟಿ ತರಲು ಹೋದಾಗ ಹುಡುಗಿಯೂ ಬಂದಳು. ಅಲ್ಲಿ ಎಮ್ಮೆಗಳ ಶೃಂಗಾರ ನಡೆದಿತ್ತು.

ಬೆಳಗಾವಿಯ ಗವಳಿಗರ ಪಾಡ್ಯ ನೋಡದವರು ಒಮ್ಮೆ ನೋಡಬೇಕು. ಎಮ್ಮೆಯ ಮೈ ತೊಳೆದು, ಕೂದಲು ಬೋಳಿಸಿ, ಎಣ್ಣೆ ಹಚ್ಚಿ ಮಿರಿಮಿರಿ ಮಾಡಿರುತ್ತಾರೆ. ಕೊಂಬಿಗೆ ಬಣ್ಣ, ಕೊಂಬಿನ ತುದಿಗೆ ನವಿಲುಗರಿ, ಕೊರಳಿಗೆ ಕವಡೆ ಸರ, ಕಾಲಿಗೆ ಗೆಜ್ಜೆ. ಆಮೇಲೆ ಓಟ. ಮಾಲೀಕ ಬೈಕ್ ಹತ್ತಿ ಸೈಲೆನ್ಸರ್ ಬಿಚ್ಚಿದ ಸದ್ದು ಮಾಡುತ್ತಾ ಮುಂದೆ ಓಡುತ್ತಾನೆ. ಎಮ್ಮೆ ಅವನ ಹಿಂದೆ ಓಡುತ್ತದೆ! ರಸ್ತೆಯ ಎರಡೂ ಕಡೆ ಜನ ಸಿಳ್ಳೆ ಹೊಡೆಯುತ್ತಾರೆ. ಎಮ್ಮೆ ಅಂದರೆ ನಿಧಾನ ಅಂದುಕೊಂಡವರು ಆ ರಸ್ತೆಯಲ್ಲಿ ಗೋಡೆಗೆ ಅಂಟಿಕೊಂಡು ನಿಲ್ಲುವುದನ್ನು ಪ್ರತಿ ವರ್ಷ ನೋಡುತ್ತೇನೆ. ಅಷ್ಟು ಗದ್ದಲದಲ್ಲೂ ಎಮ್ಮೆ ತನ್ನ ಬೈಕ್ ಯಾವುದು ಅಂತ ಸದ್ದಿನಲ್ಲೇ ಗುರುತು ಹಿಡಿಯುತ್ತದಂತೆ. ಗವಳಿಗರ ಅಜ್ಜ ಹೇಳಿದ್ದು. ಹುಡುಗಿ ಒಂದು ಎಮ್ಮೆಯ ಹಣೆ ಮುಟ್ಟಿ, ಕಿವಿಯಲ್ಲಿ ಏನೋ ಹೇಳಿ ಬಂದಳು. ಏನು ಅಂತ ಕೇಳಿದೆ. 'ಹಾಲಿಗೆ ಲಢಾಯಿ ಆಗಿತ್ತು ಅಂತ ಹೇಳಿದೆ' ಅಂದಳು.

ಅದೇ ಸಂಜೆ ಕಿಲ್ಲಾ ನೋಡುವ ಹೊತ್ತು. ಜನ ಹೊಸ ಬಟ್ಟೆ ಹಾಕಿಕೊಂಡು ಗಲ್ಲಿಯಿಂದ ಗಲ್ಲಿಗೆ ನಡೆಯುತ್ತಾರೆ. ಟಿಕೆಟ್ ಇಲ್ಲ, ಕುರ್ಚಿ ಇಲ್ಲ. ಮಣ್ಣಿನ ಮುಂದೆ ಮೊಣಕಾಲೂರಿ ಕೂರಬೇಕು, ಇಲ್ಲದಿದ್ದರೆ ಕೋಟೆಯ ಒಳಗೆ ಕಾಣುವುದಿಲ್ಲ. ಕಟ್ಟಿದ ಹುಡುಗರು ಉಸಿರು ಬಿಡದೆ ಇತಿಹಾಸ ಹೇಳುತ್ತಾರೆ. ಯಾವ ಬುರುಜು, ಯಾವ ವರ್ಷ, ಯಾರು ಎಲ್ಲಿಂದ ಹತ್ತಿ ಬಂದರು ಅಂತ. ಪಠ್ಯದಲ್ಲಿ ಬಂದರೆ ಒಂದು ಸಾಲೂ ನೆನಪಿಡದ ಹುಡುಗರು ಇವರು.

ಕಿಲ್ಲಾ ಸ್ಪರ್ಧೆ ಇಟ್ಟಿದ್ದ ಒಂದು ಮಂಡಳದ ಪರೀಕ್ಷಕರೂ ಬಂದರು. 'ಇದು ಯಾವ ಗಡ?' ಅಂತ ಕೇಳಿದರು. 'ಗಡ ಅಲ್ರೀ, ಕೋಟಿ' ಅಂದಳು. ದತ್ತು ಮಗನನ್ನು ಕಂಪನಿ ಒಪ್ಪದೆ ಇದ್ದದ್ದು, ಥ್ಯಾಕರೆ ಬಾಗಿಲಿಗೆ ಬಂದು ನಿಂತದ್ದು, ಬಾಳಪ್ಪನ ಗುಂಡು, ಎಲ್ಲ ಹೇಳಿದಳು. ಡಿಸೆಂಬರಿನಲ್ಲಿ ಕೋಟೆ ಬಿದ್ದದ್ದು, ರಾಣಿ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡದ್ದು, ಇದನ್ನೂ ಬಿಡಲಿಲ್ಲ. ಸೋಲನ್ನು ಯಾಕೆ ಹೇಳಿದೆ ಅಂತ ಆಮೇಲೆ ಕೇಳಿದೆ. 'ಗೋಡಿ ಬಿದ್ದದ್ದು ಹಂಗ ಇಟ್ಟೇನಲ್ಲ, ಕೇಳತಾರ' ಅಂದಳು. ಹೌದು, ಮಳೆಗೆ ಕುಸಿದ ಪೂರ್ವದ ಗೋಡೆಯನ್ನು ಅವಳು ಮತ್ತೆ ಕಟ್ಟಿರಲಿಲ್ಲ. ನಾನು ಸೋಮಾರಿತನ ಅಂದುಕೊಂಡಿದ್ದೆ.

ಬಹುಮಾನ ಬರಲಿಲ್ಲ. ಸಿಂಧುದುರ್ಗಕ್ಕೂ ಬರಲಿಲ್ಲ. ಮೋಟಾರು ಹಚ್ಚಿ ಕಾರಂಜಿ ಚಿಮ್ಮಿಸಿದ ಒಂದು ಕಿಲ್ಲಾಕ್ಕೆ ಹೋಯಿತು. ಹದಿನೇಳನೇ ಶತಮಾನದ ಕೋಟೆಯಲ್ಲಿ ಮೋಟಾರು ಹೇಗೆ ಬಂತು ಅಂತ ಎರಡೂ ತಂಡದವರು ಒಟ್ಟಿಗೆ ಕೂತು ಬಯ್ದರು. ಆ ವಿಷಯದಲ್ಲಿ ನಾನೂ ಅವರ ಪಕ್ಷ.

ಭಾನುವಾರ ರಾತ್ರಿ ಕಿಂಡಿಯ ಕೆಲಸ ಉಳಿದಿತ್ತು. ಅರಮನೆಯ ಗೋಡೆಯಲ್ಲಿ ಹುಡುಗಿ ಗೇಣುದ್ದದ ಪಿವಿಸಿ ಪೈಪಿನ ತುಂಡು ಹುಗಿದಿದ್ದಳು. ಧ್ರುವ ನಕ್ಷತ್ರ ಎಷ್ಟು ಎತ್ತರದಲ್ಲಿ ಕಾಣುತ್ತದೆ ಅನ್ನುವುದಕ್ಕೆ ಸುಲಭದ ಲೆಕ್ಕ ಇದೆ. ನಮ್ಮ ಊರಿನ ಅಕ್ಷಾಂಶ ಎಷ್ಟೋ, ಹೆಚ್ಚುಕಡಿಮೆ ಅಷ್ಟೇ ಡಿಗ್ರಿ. ಬೆಳಗಾವಿಗೆ ಸುಮಾರು 16. ಕಾಶ್ಮೀರದವರಿಗೆ ಅದರ ಎರಡು ಪಟ್ಟು ಮೇಲೆ ಕಾಣುವ ನಕ್ಷತ್ರ ನಮಗೆ ಬಹಳ ಕೆಳಗೆ, ಮನೆಗಳ ತಲೆಗೆ ತಾಗಿದ ಹಾಗೆ. ಕಂಪಾಸ್ ಪೆಟ್ಟಿಗೆಯ ಕೋನಮಾಪಕ ಇಟ್ಟು ಪೈಪನ್ನು 16ಕ್ಕೆ ಓರೆ ಮಾಡಿದಳು. ಉತ್ತರಕ್ಕೆ ಮುಖ ತಿರುಗಿಸಿದಳು. ಹೊಟ್ಟೆ ನೆಲಕ್ಕೆ ಹಚ್ಚಿ ಮಲಗಿ, ಒಂದು ಕಣ್ಣು ಮುಚ್ಚಿ ನೋಡಿದಳು.

'ಏನ ಕಾಣತೈತಿ?'

'ಆಜೋಬಾರ ನೀರಿನ ಟಾಕಿ.'

ಕಪ್ಪು ಪ್ಲಾಸ್ಟಿಕ್ ಟಾಕಿ, ಸರಿಯಾಗಿ ನಡುವೆ. ಸಿಂಧುದುರ್ಗದ ಹುಡುಗರೂ ಒಬ್ಬೊಬ್ಬರಾಗಿ ಮಲಗಿ ನೋಡಿ ಟಾಕಿಯನ್ನು ಖಾತ್ರಿ ಮಾಡಿದರು. ದೊಡ್ಡವನಿಗೆ ಕೆಟ್ಟ ಅನ್ನಿಸಿರಬೇಕು. 'ಮ್ಯಾಲ ಬರ್ರಿ, ಟಾಕಿ ಹಿಂದ ನಿಂತ ನೋಡೂಣು' ಅಂದ. ಹುಡುಗಿ ಗೋಡೆಯಿಂದ ಪೈಪು ಕಿತ್ತಳು. ಅದರ ಜೊತೆ ಅರಮನೆಯ ಅರ್ಧ ಗೋಡೆಯೂ ಬಂತು. ಅವಳು ತಿರುಗಿ ನೋಡಲಿಲ್ಲ.

ಎಲ್ಲರೂ ಅವರ ಮಾಳಿಗೆ ಹತ್ತಿದೆವು. ಆಜೋಬಾ ಕೂಡ, ಮೊಣಕಾಲು ಹಿಡಿದುಕೊಂಡು. ಉತ್ತರಕ್ಕೆ ಕಾಕತಿಯ ಕಡೆ ಇನ್ನೂ ಪಟಾಕಿ ಹಾರುತ್ತಿದ್ದವು. ನಾಲ್ಕು ದಿನದ ಹೊಗೆ ಊರಿನ ಮೇಲೆ ಕಂಬಳಿಯ ಹಾಗೆ ಬಿದ್ದಿತ್ತು. ಪೈಪು ಕೈಯಿಂದ ಕೈಗೆ ಹೋಯಿತು. ಒಬ್ಬ ಕಂಡಿತು ಅಂದ, ಅದು ಹಾರುವ ಕಂದೀಲು. ಇನ್ನೊಬ್ಬನದು ಮೊಬೈಲ್ ಟವರಿನ ಕೆಂಪು ದೀಪ. ಕೆಳಗಿನಿಂದ ಆಜೀ ಫರಾಳದ ತಾಟು ತುಂಬಿದ್ದೇನೆ, ಚಕ್ಕಲಿ ಮೆತ್ತಗಾಗುತ್ತವೆ ಅಂತ ಕೂಗಿದರು. ಯಾರೂ ಇಳಿಯಲಿಲ್ಲ. ಹುಡುಗಿ ಪೈಪನ್ನು ವಾಪಸ್ ಇಸಿದುಕೊಂಡು, ಕಟಾಂಜನದ ಮೇಲೆ ಮೊಣಕೈ ಊರಿ, ಹೊಗೆ ಸರಿಯಲಿ ಅಂತ ಕಾಯುತ್ತಾ ನಿಂತಳು.